ಸಾಮಾಜಿಕ ಜಾಲದಲ್ಲಿ ಆ್ಯಪ್ ನೋಂದಣಿ – ಒಂದು ಪರಿಚಯ

ಪೇಟೆಯಲ್ಲಿ ಅಂಗಡಿ ತೆರೆಯಬೇಕಾದರೆ ಪಂಚಾಯತಿನ ಪರವಾನಗಿ ಬೇಕು. ಅಂಗಡಿಯ ಹೆಸರೇನು, ಯಜಮಾನರು ಯಾರು, ಮಾರುವ ಸರಕು ಯಾವುದು ಎಂಬುದನ್ನು ಅರ್ಜಿಯಲ್ಲಿ ಕಾಣಿಸಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೊದಲಾದ ಸಾಮಾಜಿಕ ಜಾಲಗಳೊಡನೆ ವ್ಯವಹರಿಸುವ ಆ್ಯಪನ್ನು ರಚಿಸುವವರೂ ಇಂತಹುದೇ ಒಂದು ಅರ್ಜಿಯನ್ನು ತುಂಬಬೇಕಾಗುತ್ತದೆ. ಇದಕ್ಕೆ ಆ್ಯಪ್ ನೋಂದಣಿ ಎಂದು ಹೆಸರು. ತುಂಬುವ ಕೆಲಸ ಹೆಚ್ಚೆಂದರೆ ಅರ್ಧ ಗಂಟೆಯದು. ಆದರೆ ಅರ್ಜಿಯ ಒಂದೊಂದು ಕಾಲಮೂ ಏಕೆ ಬಂತೆಂಬುದನ್ನು ತಿಳಿಯದೆ ತುಂಬಿದವನು, ನೂರಾರು ಮಂದಿಯ ಮನೆಯ ಬೀಗದ ಕೈಗಳನ್ನು ಜೇಬಿಗೆ ಹಾಕಿಕೊಂಡು, ಅವು ಯಾವುವೆಂದೇ ಅರಿಯದೆ ಓಡಾಡುವವನಂತಾಗುತ್ತಾನೆ.

ಕೇರಳದ ಶಾಲೆಗಳ ಲಿಟಲ್ ಕೈಟ್ಸ್ ಘಟಕಗಳಲ್ಲಿ ನಮ್ಮ ವಿದ್ಯಾರ್ಥಿಗಳು ಈಗಾಗಲೇ ಸಣ್ಣಪುಟ್ಟ ಆ್ಯಪ್‌ಗಳನ್ನು ರಚಿಸುತ್ತಿದ್ದಾರೆ. ಅವು ಹೆಚ್ಚಾಗಿ ತಮ್ಮ ಪಾಡಿಗೆ ತಾವು ನಡೆಯುವಂತಹವು: ಒಂದು ಲೆಕ್ಕ ಮಾಡುವುದು, ಒಂದು ಚಿತ್ರವನ್ನು ಆಡಿಸುವುದು, ಒಂದು ರಸಪ್ರಶ್ನೆಯನ್ನು ನಡೆಸುವುದು. ಅವುಗಳಿಗೆ ಯಾರ ಅಪ್ಪಣೆಯೂ ಬೇಡ. ಆ್ಯಪು ಇನ್ನೊಬ್ಬರ ಮಾಹಿತಿಯನ್ನು ಮುಟ್ಟಹೊರಟಾಗಲೇ ಅಪ್ಪಣೆಯ ಮಾತು ಬರುವುದು.

ವಿಷಯ ಸ್ಪಷ್ಟವಾಗಲೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಶಾಲೆಯೊಂದರ ಹಳೆ ವಿದ್ಯಾರ್ಥಿ ಸಂಘವು ತನ್ನದೇ ಜಾಲತಾಣವನ್ನು ತೆರೆದಿದೆ ಎಂದು ಭಾವಿಸಿರಿ. ಹಳೆಯ ವಾರ್ಷಿಕ ಸಂಚಿಕೆಗಳನ್ನು ಅಲ್ಲಿ ಓದಬಹುದು, ತಮ್ಮ ನೆನಪುಗಳನ್ನು ಬರೆಯಬಹುದು. ಸದಸ್ಯರಲ್ಲಿ ಕೆಲವರು ಊರಲ್ಲಿದ್ದಾರೆ, ಕೆಲವರು ಮಂಗಳೂರಿನಲ್ಲಿ, ಇನ್ನು ಕೆಲವರು ಗಲ್ಫ್ ದೇಶಗಳಲ್ಲಿ. ಪ್ರತಿಯೊಬ್ಬರೂ ಇದೊಂದಕ್ಕಾಗಿ ಹೊಸ ಪಾಸ್‌ವರ್ಡ್ ಇಟ್ಟುಕೊಂಡು, ಅದನ್ನು ಮರೆತು, ಮತ್ತೆ ಕೇಳುವುದು ತೊಂದರೆಯ ಕೆಲಸ. ಅದಕ್ಕಾಗಿ ತಾಣದ ಬಾಗಿಲಲ್ಲಿ 'ಫೇಸ್‌ಬುಕ್ ಮೂಲಕ ಪ್ರವೇಶಿಸಿ' ಎಂಬ ಗುಂಡಿಯನ್ನು ಇಡಬೇಕೆಂದು ಸಂಘದವರು ನಿಶ್ಚಯಿಸಿದರು. ಆ ಗುಂಡಿ ಕೆಲಸ ಮಾಡಬೇಕಾದರೆ ಫೇಸ್‌ಬುಕ್ಕಿನ ಒಡೆತನವುಳ್ಳ ಮೆಟಾ ಸಂಸ್ಥೆಯ ಡೆವಲಪರ್ ವೇದಿಕೆಯಲ್ಲಿ ಆ್ಯಪನ್ನು ನೋಂದಾಯಿಸಲೇಬೇಕು. ಇಲ್ಲಿ ಆ್ಯಪ್ ಎಂದರೆ ಮೊಬೈಲಿನಲ್ಲಿ ಹಾಕಿಕೊಳ್ಳುವಂತಹುದೇ ಆಗಬೇಕೆಂದಿಲ್ಲ. ಜಾಲತಾಣವೂ ವೇದಿಕೆಯ ಲೆಕ್ಕದಲ್ಲಿ ಒಂದು ಆ್ಯಪೇ.

ನೋಂದಣಿಯ ಕ್ರಮವನ್ನು ಹೇಳುವ ಮುನ್ನ ಹಿಂದೆ ಏನು ನಡೆಯುತ್ತಿತ್ತೆಂಬುದನ್ನು ನೋಡಬೇಕು. ಟ್ವಿಟರ್ ಎಂದು ಆಗ ಕರೆಯಲ್ಪಡುತ್ತಿದ್ದ, ಇಂದು ಎಕ್ಸ್ ಎನಿಸಿಕೊಂಡಿರುವ ಜಾಲದಲ್ಲಿ 2010ರ ಆಗಸ್ಟ್ 31ರ ತನಕ ಹೊರಗಿನ ಆ್ಯಪುಗಳು ಬಳಕೆದಾರನ ಪಾಸ್‌ವರ್ಡನ್ನೇ ಕೇಳಿ ಪಡೆದು, ಅವನ ಹೆಸರಿನಲ್ಲಿ ಒಳಹೊಕ್ಕು ಕೆಲಸ ಮಾಡಲು ಅವಕಾಶವಿತ್ತು. ಪಾಸ್‌ವರ್ಡ್ ಕೊಟ್ಟ ಮೇಲೆ ಉಳಿದುದೇನು? ಓದಬೇಕೆಂದು ಕೊಟ್ಟರೆ ಬರೆಯಲೂ ಬಹುದು, ಅಳಿಸಲೂ ಬಹುದು. ಹಿಂತೆಗೆದುಕೊಳ್ಳಬೇಕಾದರೆ ಪಾಸ್‌ವರ್ಡನ್ನೇ ಬದಲಿಸಬೇಕು. ಬದಲಿಸಿದರೆ ಬೇಕಾದ ಆ್ಯಪುಗಳೂ ನಿಂತುಹೋಗುತ್ತವೆ.

ನಾವು ಅಡಿಕೆ ಕೊಯ್ಯಲು ಬಂದವರಿಗೆ ತೋಟದ ತಡಮೆಯನ್ನು ತೆರೆದುಕೊಡುತ್ತೇವೆ, ಮನೆಯ ತಿಜೋರಿಯ ಬೀಗದ ಕೈಯನ್ನು ಕೊಡುವುದಿಲ್ಲ. ಇದೇ ವಿವೇಕವನ್ನು ಗಣಕಯಂತ್ರಗಳ ನಡುವಣ ವ್ಯವಹಾರಕ್ಕೆ ತಂದ ನಿಯಮಾವಳಿಗೆ 'ಓಆತ್' ಎಂದು ಹೆಸರು. ಅದರ ಮೊದಲ ರೂಪ ಸಿದ್ಧವಾದುದು 2007ರಲ್ಲಿ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಎರಡನೆಯ ರೂಪ 2012ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಇದರಲ್ಲಿ ಪಾಸ್‌ವರ್ಡ್ ಆ್ಯಪಿನ ಕೈಗೆ ಬರುವುದೇ ಇಲ್ಲ. ಬದಲಿಗೆ ಒಂದು ಟೋಕನ್ ಬರುತ್ತದೆ. ವಿದ್ಯಾರ್ಥಿಗಳ ಬಸ್ ಕನ್ಸೆಶನ್ ಕಾರ್ಡಿನಲ್ಲಿ ಯಾರು, ಎಲ್ಲಿಂದ ಎಲ್ಲಿಗೆ, ಯಾವ ತಾರೀಕಿನ ತನಕ ಎಂದು ನಮೂದಾಗಿರುವುದಷ್ಟೆ? ಟೋಕನೂ ಹಾಗೆಯೇ: ಯಾವ ಆ್ಯಪಿಗೆ, ಯಾರ ಪರವಾಗಿ, ಯಾವ ಮಾಹಿತಿಗೆ, ಎಷ್ಟು ಕಾಲ ಎಂಬುದು ಅದರೊಡನೆ ಗೊತ್ತಾಗಿರುತ್ತದೆ. ಕಾರ್ಡು ಕೊಡುವ ಮೊದಲು ಕೇಳುವವನು ಯಾರೆಂದು ತಿಳಿದಿರಬೇಕಲ್ಲವೇ? ಅದಕ್ಕಾಗಿಯೇ ನೋಂದಣಿ.

ಇನ್ನು ಅರ್ಜಿಗೆ ಬರೋಣ. ಮೊದಲು ನೋಂದಾಯಿಸುವವನು ತನ್ನ ಸ್ವಂತ ಫೇಸ್‌ಬುಕ್ ಖಾತೆಯಿಂದ ಡೆವಲಪರ್ ತಾಣವನ್ನು ಪ್ರವೇಶಿಸಿ, ನಿಬಂಧನೆಗಳನ್ನು ಒಪ್ಪಿ, ಫೋನ್ ಮತ್ತು ಇ-ಮೇಲನ್ನು ಖಚಿತಪಡಿಸಿ, ಡೆವಲಪರ್ ಎಂದು ದಾಖಲಾಗಬೇಕು. ಬಳಿಕ 'ಆ್ಯಪ್ ರಚಿಸಿ' ಎಂಬುದನ್ನು ಒತ್ತಿದರೆ ಹೆಸರು, ಸಂಪರ್ಕದ ಇ-ಮೇಲ್, ಯಾವ ಉದ್ದೇಶಕ್ಕೆ ಎಂಬ ಪ್ರಶ್ನೆಗಳು ಒಂದೊಂದಾಗಿ ಬರುತ್ತವೆ. ಪುಟಗಳ ವಿನ್ಯಾಸ ಆಗಾಗ ಬದಲಾಗುವುದರಿಂದ ಯಾವ ಗುಂಡಿ ಎಡಗಡೆ, ಯಾವುದು ಬಲಗಡೆ ಎಂದು ಇಲ್ಲಿ ಬರೆಯಹೋಗುವುದಿಲ್ಲ. ಹೆಸರಿನ ಬಗ್ಗೆ ಒಂದು ಮಾತು: ಫೇಸ್‌ಬುಕ್ಕಿನ ಹೆಸರನ್ನಾಗಲೀ 'ಎಫ್‌ಬಿ' ಎಂಬ ಅಕ್ಷರಗಳನ್ನಾಗಲೀ ನಮ್ಮ ಆ್ಯಪಿನ ಹೆಸರಿನಲ್ಲಿ ಸೇರಿಸಬಾರದು. ಸಂಘದ ನಿಜವಾದ ಹೆಸರನ್ನೇ ಇಡುವುದು ಲೇಸು. ಅನುಮತಿ ಕೇಳುವ ಪರದೆಯ ಮೇಲೆ ಸದಸ್ಯರು ಕಾಣುವುದು ಈ ಹೆಸರನ್ನೇ. 'ಟೆಸ್ಟ್ 2' ಎಂಬ ಹೆಸರಿನವನೊಬ್ಬ ನಿಮ್ಮ ಮಾಹಿತಿ ಕೇಳುತ್ತಿದ್ದಾನೆ ಎಂದರೆ ಯಾರು ತಾನೇ ಒಪ್ಪಿಯಾರು?

ಇಲ್ಲಿಯೇ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಶಾಲೆಗಳಲ್ಲಿ ಇಂತಹ ಕೆಲಸವನ್ನು ಉತ್ಸಾಹಿಗಳಾದ ಅಧ್ಯಾಪಕರೊಬ್ಬರು ತಮ್ಮ ಖಾತೆಯಿಂದ ಮಾಡಿಬಿಡುತ್ತಾರೆ. ಎರಡು ವರ್ಷಗಳ ಬಳಿಕ ಅವರಿಗೆ ವರ್ಗವಾಗುತ್ತದೆ. ಆ್ಯಪು ಅವರ ಹೆಸರಿನಲ್ಲಿಯೇ ಉಳಿದು, ತಾಣ ಕೆಟ್ಟರೆ ಸರಿಪಡಿಸುವ ಅಧಿಕಾರ ಯಾರಿಗೂ ಇಲ್ಲದಂತಾಗುತ್ತದೆ. ವೇದಿಕೆಯಲ್ಲಿ ಆ್ಯಪಿಗೆ ಒಬ್ಬರಿಗಿಂತ ಹೆಚ್ಚು ಆಡಳಿತಗಾರರನ್ನು ನೇಮಿಸಬಹುದು. ಅಲ್ಲದೆ ಡೆವಲಪರ್, ಪರೀಕ್ಷಕ ಎಂಬ ಬೇರೆ ಬೇರೆ ಸ್ಥಾನಗಳೂ ಇವೆ. ಮೊದಲ ದಿನವೇ ಇಬ್ಬರು ಆಡಳಿತಗಾರರನ್ನು ಮಾಡಿ, ಸಂಪರ್ಕಕ್ಕೆ ಸಂಘದ ಇ-ಮೇಲನ್ನು ಕೊಡತಕ್ಕದ್ದು.

ಆ್ಯಪು ರಚನೆಯಾದೊಡನೆ ವೇದಿಕೆಯು ಎರಡು ವಸ್ತುಗಳನ್ನು ಕೊಡುತ್ತದೆ. ಒಂದು ಆ್ಯಪ್ ಐಡಿ. ಇದು ಉದ್ದವಾದ ಸಂಖ್ಯೆ, ವಾಹನದ ನಂಬರ್ ಪ್ಲೇಟಿನಂತೆ ಎಲ್ಲರೂ ಕಾಣಬಹುದಾದುದು. ಇನ್ನೊಂದು ಆ್ಯಪ್ ಸೀಕ್ರೆಟ್, ಎಂದರೆ ಗುಟ್ಟಿನ ಕೀಲಿ. ಇದನ್ನು ನೋಡಬೇಕಾದರೆ ಪಾಸ್‌ವರ್ಡನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ. ಇವೆರಡರ ವ್ಯತ್ಯಾಸ ತಿಳಿಯಬೇಕಾದರೆ ಗುಂಡಿ ಒತ್ತಿದಾಗ ನಡೆಯುವುದೇನೆಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಅನುಸರಿಸಬೇಕು.

ದುಬೈಯಲ್ಲಿರುವ ಸದಸ್ಯರೊಬ್ಬರು ಸಂಘದ ತಾಣದಲ್ಲಿ ಗುಂಡಿಯನ್ನು ಒತ್ತಿದರು. ತಾಣವು ಅವರನ್ನು ಫೇಸ್‌ಬುಕ್ಕಿಗೆ ಕಳುಹಿಸುತ್ತದೆ. ಕಳುಹಿಸುವಾಗ ತನ್ನ ಆ್ಯಪ್ ಐಡಿಯನ್ನೂ, ಯಾವ ಯಾವ ಮಾಹಿತಿ ಬೇಕೆಂಬುದನ್ನೂ, ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕಾದ ವಿಳಾಸವನ್ನೂ ಜತೆಗೆ ಕೊಡುತ್ತದೆ. ಸದಸ್ಯರು ಪಾಸ್‌ವರ್ಡ್ ಕೊಡುವುದು ಫೇಸ್‌ಬುಕ್ಕಿನ ಪುಟದಲ್ಲಿಯೇ ಹೊರತು ಸಂಘದ ಪುಟದಲ್ಲಲ್ಲ. 'ಈ ಆ್ಯಪು ನಿಮ್ಮ ಹೆಸರು, ಚಿತ್ರ, ಇ-ಮೇಲನ್ನು ಕೇಳುತ್ತಿದೆ, ಒಪ್ಪುವಿರಾ?' ಎಂಬ ಪ್ರಶ್ನೆಗೆ ಅವರು ಒಪ್ಪಿದರೆ, ಫೇಸ್‌ಬುಕ್ ಅವರನ್ನು ಹಿಂದಿರುಗುವ ವಿಳಾಸಕ್ಕೆ ಒಂದು ಸಣ್ಣ ಸಂಕೇತದೊಡನೆ ಕಳುಹಿಸುತ್ತದೆ. ಸಂಘದ ಸರ್ವರು ಆ ಸಂಕೇತವನ್ನೂ ತನ್ನ ಗುಟ್ಟಿನ ಕೀಲಿಯನ್ನೂ ಒಟ್ಟಿಗೆ ಫೇಸ್‌ಬುಕ್ಕಿಗೆ ತೋರಿಸಿದಾಗಲೇ ಟೋಕನ್ ದೊರೆಯುವುದು. ಸಂಕೇತ ಒಂದನ್ನೇ ದಾರಿಯಲ್ಲಿ ಯಾರಾದರೂ ಕದ್ದರೂ ಕೀಲಿಯಿಲ್ಲದೆ ಅವರಿಗೆ ಅದು ಪ್ರಯೋಜನಕ್ಕೆ ಬಾರದು.

ಹಿಂದಿರುಗುವ ವಿಳಾಸವನ್ನು ನೋಂದಣಿಯ ಹೊತ್ತಿಗೇ ಅಕ್ಷರಶಃ ಬರೆದಿಡಬೇಕೆಂಬ ನಿಯಮದ ಅರ್ಥ ಈಗ ಹೊಳೆಯುತ್ತದೆ. ಬರೆದಿಡದಿದ್ದರೆ ಮೋಸಗಾರನೊಬ್ಬ ಸಂಘದ ಐಡಿಯನ್ನೇ ಬಳಸಿ, ಹಿಂದಿರುಗುವ ವಿಳಾಸವಾಗಿ ತನ್ನ ತಾಣವನ್ನು ಕೊಟ್ಟು, ಸಂಕೇತಗಳನ್ನು ತನ್ನ ಕಡೆಗೆ ತಿರುಗಿಸಿಕೊಳ್ಳಬಹುದು. ಒಂದು ಗೆರೆ, ಒಂದು ಚುಕ್ಕೆ ವ್ಯತ್ಯಾಸವಾದರೂ ವೇದಿಕೆ ಒಪ್ಪುವುದಿಲ್ಲ. ಹೊಸಬರು ಹೆಚ್ಚು ಹೊತ್ತು ಕಳೆಯುವುದೂ ಇಲ್ಲಿಯೇ. ವಿಳಾಸ 'ಎಚ್‌ಟಿಟಿಪಿಎಸ್' ಎಂದೇ ಆರಂಭವಾಗಬೇಕು. ನಮ್ಮದೇ ಗಣಕಯಂತ್ರದಲ್ಲಿ ಪರೀಕ್ಷಿಸುವಾಗ ಮಾತ್ರ ಇದಕ್ಕೆ ವಿನಾಯಿತಿಯುಂಟು.

ಗುಟ್ಟಿನ ಕೀಲಿಯನ್ನು ಪ್ರೋಗ್ರಾಮಿನ ಸಾಲುಗಳ ನಡುವೆ ಬರೆಯಬಾರದು. ಮೊಬೈಲ್ ಆ್ಯಪಿನೊಳಗೆ ಬರೆದರಂತೂ ಅದನ್ನು ಬಿಚ್ಚಿ ನೋಡುವ ಯಾರಿಗಾದರೂ ಸಿಕ್ಕುತ್ತದೆ. ಸರ್ವರಿನಲ್ಲಿ ಬೇರೆ ಕಡತದಲ್ಲಿಟ್ಟು, ಆ ಕಡತವನ್ನು ಪ್ರೋಗ್ರಾಮಿನ ಜತೆ ಹಂಚಿಕೊಳ್ಳದಂತೆ ಎಚ್ಚರವಹಿಸಬೇಕು. ದೊಡ್ಡವರೂ ಇಲ್ಲಿ ಎಡವಿದ್ದಾರೆ. 2016ರಲ್ಲಿ ಊಬರ್ ಸಂಸ್ಥೆಯ ಎಂಜಿನಿಯರುಗಳು ಪ್ರೋಗ್ರಾಮುಗಳನ್ನು ಇಡುತ್ತಿದ್ದ ಗಿಟ್‌ಹಬ್ ಕೋಶಕ್ಕೆ ಕಳ್ಳರು ನುಗ್ಗಿದಾಗ, ಅಲ್ಲಿ ದೊರೆತ ಕೀಲಿಯಿಂದಲೇ 5 ಕೋಟಿ 70 ಲಕ್ಷ ಮಂದಿಯ ವಿವರಗಳು ಅವರ ಕೈಸೇರಿದವು. ಅದು ಬಯಲಾದುದು ಮರುವರ್ಷ ನವೆಂಬರಿನಲ್ಲಿ. ಕೀಲಿ ಹೊರಬಿದ್ದಿದೆಯೆಂಬ ಸಂಶಯ ಬಂದರೂ ಸಾಕು, ವೇದಿಕೆಯಲ್ಲಿ ಅದನ್ನು ರದ್ದುಮಾಡಿ ಹೊಸತನ್ನು ಪಡೆಯುವ ಅನುಕೂಲವಿದೆ, ಯಾರೂ ಗದರಿಸುವುದಿಲ್ಲ.

ಇನ್ನು ಮುಖ್ಯವಾದ ಕಾಲಂ: ಯಾವ ಯಾವ ಅನುಮತಿಗಳು ಬೇಕು? ಇದರ ಹಿಂದೆ ಒಂದು ದೊಡ್ಡ ಪ್ರಕರಣವಿದೆ. ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಫೇಸ್‌ಬುಕ್ ತನ್ನ ವೇದಿಕೆಯನ್ನು ಹೊರಗಿನವರ ಆ್ಯಪುಗಳಿಗೆ ತೆರೆದುದು 2007ರ ಮೇ ತಿಂಗಳಲ್ಲಿ. ಆಗಿನ ನಿಯಮಗಳು ಬಹಳ ಧಾರಾಳವಾಗಿದ್ದವು. ಒಬ್ಬನು ಒಂದು ಆ್ಯಪಿಗೆ ಒಪ್ಪಿಗೆ ಕೊಟ್ಟರೆ, ಅವನ ಮಾಹಿತಿ ಮಾತ್ರವಲ್ಲ, ಅವನ ಸ್ನೇಹಿತರ ಮಾಹಿತಿಯನ್ನೂ ಆ್ಯಪು ಕೇಳಿ ಪಡೆಯಬಹುದಿತ್ತು. ಸ್ನೇಹಿತರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. 2013ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕ ಅಲೆಕ್ಸಾಂಡರ್ ಕೋಗನ್ ಎಂಬವರು ವ್ಯಕ್ತಿತ್ವ ಪರೀಕ್ಷೆಯ ಆ್ಯಪೊಂದನ್ನು ರಚಿಸಿದರು. 'ದಿಸ್ ಈಸ್ ಯುವರ್ ಡಿಜಿಟಲ್ ಲೈಫ್' ಎಂದು ಅದರ ಹೆಸರು. ಸುಮಾರು 3 ಲಕ್ಷ ಮಂದಿ ಅದನ್ನು ಬಳಸಿದರು. ಅದರಿಂದ ಸಂಗ್ರಹವಾದ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಎಂಬ ರಾಜಕೀಯ ಪ್ರಚಾರದ ಸಂಸ್ಥೆಯ ಕೈಗೆ ಹೋಯಿತು. 2018ರ ಮಾರ್ಚಿನಲ್ಲಿ ಪತ್ರಿಕೆಗಳು ಈ ಸಂಗತಿಯನ್ನು ಬಯಲಿಗೆಳೆದುವು. ಏಪ್ರಿಲಿನಲ್ಲಿ ಫೇಸ್‌ಬುಕ್ ಕೊಟ್ಟ ಲೆಕ್ಕದಂತೆ, ಮಾಹಿತಿ ಸೋರಿಹೋಗಿರಬಹುದಾದವರ ಸಂಖ್ಯೆ 8 ಕೋಟಿ 70 ಲಕ್ಷ. ಗಣಿತದ ವಿದ್ಯಾರ್ಥಿಗಳು ಭಾಗಿಸಿ ನೋಡಲಿ: ಒಬ್ಬರು ಒಪ್ಪಿದರೆ 290 ಮಂದಿಯ ಮಾಹಿತಿ ಹೋದಂತಾಯಿತು. ನಮ್ಮ ದೇಶದಲ್ಲಿ ಆ ಆ್ಯಪನ್ನು ಬಳಸಿದವರು ಕೇವಲ 335 ಮಂದಿ. ಬಳಸಿದವರ ಸ್ನೇಹಿತರೆಂಬ ಒಂದೇ ಕಾರಣದಿಂದ ಸಿಕ್ಕಿಬಿದ್ದಿರಬಹುದಾದ ಭಾರತೀಯರಾದರೋ 5,62,120.

ಈ ಆ್ಯಪು ಕಳ್ಳದಾರಿಯಿಂದ ಬಂದುದಲ್ಲ ಎಂಬುದನ್ನು ಗಮನಿಸಬೇಕು. ವೇದಿಕೆಯ ಆಗಿನ ನಿಯಮವೇ ತೆರೆದಿಟ್ಟಿದ್ದ ದಾರಿಯಿಂದ ಅದು ಮಾಹಿತಿಯನ್ನು ಪಡೆಯಿತು. ಪಡೆದುದನ್ನು ಇನ್ನೊಬ್ಬರಿಗೆ ದಾಟಿಸಬಾರದೆಂಬ ನಿಬಂಧನೆಯೇನೋ ಇತ್ತು. ಆದರೆ ಅದು ಕಾಗದದ ಮೇಲೆ ಮಾತ್ರ. ಒಮ್ಮೆ ಸಂಗ್ರಹಿಸಿದ ಮಾಹಿತಿ ಮುಂದೆ ಎಲ್ಲಿಗೆ ಹೋಯಿತೆಂದು ನೋಡುವ ಕಣ್ಣು ಯಾರಿಗೂ ಇರಲಿಲ್ಲ. ಪ್ರಕರಣ ಬಯಲಾಗುವ ಮೊದಲೇ, 2014ರ ಏಪ್ರಿಲಿನಲ್ಲಿ, ಫೇಸ್‌ಬುಕ್ ಸ್ನೇಹಿತರ ಮಾಹಿತಿಯ ದಾರಿಯನ್ನು ಹೊಸ ಆ್ಯಪುಗಳಿಗೆ ಮುಚ್ಚಿತ್ತು. ಹಳೆಯವುಗಳಿಗೆ ಒಂದು ವರ್ಷದ ಅವಧಿ ಕೊಟ್ಟು 2015ರ ಏಪ್ರಿಲ್ 30ಕ್ಕೆ ನಿಲ್ಲಿಸಿತು. ಅಷ್ಟರಲ್ಲಿ ಆಗಬೇಕಾದುದು ಆಗಿಹೋಗಿತ್ತು. 2019ರ ಜುಲೈಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಫೇಸ್‌ಬುಕ್ಕಿಗೆ 500 ಕೋಟಿ ಡಾಲರ್ ದಂಡವನ್ನು ವಿಧಿಸಿತು. ದಂಡದ ಹಣ ದೊಡ್ಡದೇ. ಆದರೆ ಹೋದ ಮಾಹಿತಿಯನ್ನು ಅದು ಹಿಂದಕ್ಕೆ ತಂದಿತೇ?

ಆದುದರಿಂದಲೇ ಇಂದು ಅನುಮತಿಗಳ ವಿಷಯದಲ್ಲಿ ವೇದಿಕೆ ಬಿಗಿಯಾಗಿದೆ. ಹೆಸರು, ಚಿತ್ರ ಮತ್ತು ಇ-ಮೇಲ್ ಇಷ್ಟಕ್ಕೆ ವಿಶೇಷ ಪರಿಶೀಲನೆ ಬೇಡ. ಅದಕ್ಕಿಂತ ಹೆಚ್ಚಿನದು ಬೇಕಾದರೆ, ಉದಾಹರಣೆಗೆ ಹುಟ್ಟಿದ ದಿನ ಅಥವಾ ಬರೆದ ಬರಹಗಳು, ಏಕೆ ಬೇಕೆಂದು ವಿವರಿಸಿ, ಆ್ಯಪು ಅದನ್ನು ಹೇಗೆ ಉಪಯೋಗಿಸುತ್ತದೆಂದು ಪರದೆಯ ಚಲನಚಿತ್ರ ತೆಗೆದು ಕಳುಹಿಸಬೇಕು. ಸ್ನೇಹಿತರ ಪಟ್ಟಿಯನ್ನು ಕೇಳಿದರೂ ಅದೇ ಆ್ಯಪನ್ನು ತಾವೂ ಬಳಸುತ್ತಿರುವ ಸ್ನೇಹಿತರು ಮಾತ್ರ ಅದರಲ್ಲಿ ಕಾಣುತ್ತಾರೆ. ನಮ್ಮ ಉದಾಹರಣೆಯ ಸಂಘಕ್ಕೆ ಹೆಸರೂ ಇ-ಮೇಲೂ ಸಾಕು. 'ಮುಂದೆ ಬೇಕಾದೀತು' ಎಂದು ಹುಟ್ಟಿದ ದಿನವನ್ನೂ ಕೇಳಿಡುವುದು ಬೇಡವೇ ಬೇಡ. ನಮ್ಮಲ್ಲಿ ಇಲ್ಲದ ಮಾಹಿತಿ ನಮ್ಮಿಂದ ಸೋರಿಹೋಗಲಾರದು.

ಟೋಕನುಗಳ ಆಯುಷ್ಯವೂ ಮಿತವಾದುದು. ಮೊದಲು ದೊರೆಯುವುದು ಒಂದೆರಡು ಗಂಟೆಗಳದು. ಸರ್ವರು ಗುಟ್ಟಿನ ಕೀಲಿಯನ್ನು ತೋರಿಸಿ ಸುಮಾರು 60 ದಿನಗಳ ಟೋಕನಾಗಿ ಅದನ್ನು ಬದಲಾಯಿಸಿಕೊಳ್ಳಬಹುದು. ಟೋಕನಿಗೂ ಕಾವಲು ಬೇಕು. 2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ಕಿನದೇ ಒಂದು ದೋಷದಿಂದ ಸುಮಾರು 3 ಕೋಟಿ ಮಂದಿಯ ಟೋಕನುಗಳು ಕಳವಾದುವು. ಪಾಸ್‌ವರ್ಡ್ ತಿಳಿಯದೆಯೇ ಕಳ್ಳರು ಒಳಹೊಕ್ಕರು.

ಆ್ಯಪು ಮೊದಲು ಅಭಿವೃದ್ಧಿಯ ಸ್ಥಿತಿಯಲ್ಲಿರುತ್ತದೆ. ಆಡಳಿತಗಾರ, ಡೆವಲಪರ್, ಪರೀಕ್ಷಕ ಎಂದು ಹೆಸರು ಕಾಣಿಸಿದವರು ಮಾತ್ರ ಆಗ ಅದನ್ನು ಬಳಸಬಹುದು. ಯಕ್ಷಗಾನದಲ್ಲಿ ರಂಗಕ್ಕೆ ಹೋಗುವ ಮೊದಲು ಚೌಕಿಯಲ್ಲಿ ಸಿದ್ಧತೆ ನಡೆಯುವುದಿಲ್ಲವೇ, ಹಾಗೆ. ಎಲ್ಲರಿಗೂ ತೆರೆಯಬೇಕಾದರೆ ಗೋಪ್ಯತಾ ನೀತಿಯ ಪುಟದ ವಿಳಾಸವನ್ನೂ, ಬಳಕೆದಾರರು ತಮ್ಮ ಮಾಹಿತಿಯನ್ನು ಅಳಿಸಿರೆಂದು ಕೇಳಬೇಕಾದ ಕ್ರಮವನ್ನೂ ಕೊಡಬೇಕು. ಈ ಎರಡು ಕಾಲಮುಗಳನ್ನು ತುಂಬಲು ಹೆಚ್ಚಿನವರು ಎಲ್ಲಿಂದಲೋ ಒಂದು ಇಂಗ್ಲಿಷ್ ಬರಹವನ್ನು ನಕಲು ಮಾಡಿ ಹಾಕುತ್ತಾರೆ. ಇದು ನಮಗೆ ಸರಿಕಾಣುವುದಿಲ್ಲ. ಸಂಘದ ತಾಣ ಕನ್ನಡದ್ದಾಗಿರುವಾಗ ನೀತಿಯೂ ಕನ್ನಡದಲ್ಲಿಯೇ ಇರಲಿ: ನಿಮ್ಮ ಹೆಸರನ್ನೂ ಇ-ಮೇಲನ್ನೂ ಇಟ್ಟುಕೊಳ್ಳುತ್ತೇವೆ, ಇಂತಹ ಕೆಲಸಕ್ಕೆ ಬಳಸುತ್ತೇವೆ, ಇನ್ನಾರಿಗೂ ಕೊಡುವುದಿಲ್ಲ, ಬೇಡವೆಂದರೆ ಈ ವಿಳಾಸಕ್ಕೆ ಬರೆದರೆ ಅಳಿಸುತ್ತೇವೆ. ಹತ್ತು ವಾಕ್ಯ ಸಾಕು. ಬೇಕಾದರೆ ಜತೆಗೆ ಇಂಗ್ಲಿಷಿನಲ್ಲೂ ಇರಲಿ. ಏಕೆಂದರೆ ಸದಸ್ಯನು ಫೇಸ್‌ಬುಕ್ಕಿನಲ್ಲಿ ಆ್ಯಪನ್ನು ತೆಗೆದುಹಾಕಿದಾಗ ಟೋಕನ್ ಸಾಯುತ್ತದೆ ನಿಜ, ಆದರೆ ಆ ತನಕ ಸಂಘದ ಸರ್ವರಿಗೆ ಬಂದ ಮಾಹಿತಿ ಅಲ್ಲಿಯೇ ಉಳಿಯುತ್ತದೆ. ಅದನ್ನು ಅಳಿಸುವವರು ನಾವೇ ಆಗಬೇಕು.

ಪ್ರಾಯದ ವಿಷಯ ಶಾಲೆಯವರಿಗೆ ಬಹಳ ಮುಖ್ಯ. ಫೇಸ್‌ಬುಕ್ ಖಾತೆಗೆ 13 ವರ್ಷ ತುಂಬಿರಬೇಕು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವಾದರೋ 18 ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ಹೆತ್ತವರ ಖಚಿತವಾದ ಒಪ್ಪಿಗೆ ಬೇಕೆನ್ನುತ್ತದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಮಾಹಿತಿಯನ್ನು ಸರಿಯಾಗಿ ಕಾಯದವರಿಗೆ 250 ಕೋಟಿ ರೂಪಾಯಿಯ ತನಕ ದಂಡ ವಿಧಿಸಬಹುದು. ಆದುದರಿಂದ ಇಂತಹ ತಾಣವನ್ನು ಹಳೆ ವಿದ್ಯಾರ್ಥಿಗಳಿಗೆ, ಅಂದರೆ ಪ್ರಾಯಕ್ಕೆ ಬಂದವರಿಗೆ ಮಾತ್ರ ತೆರೆಯುವುದೇ ಸರಿ. ಈಗಿನ ವಿದ್ಯಾರ್ಥಿಗಳು ಕಲಿಯಬೇಕೆಂದಿದ್ದರೆ ಅಧ್ಯಾಪಕರ ಪಕ್ಕದಲ್ಲಿ ಕುಳಿತು ನೋಡಲಿ. ಸುಳ್ಳು ಪ್ರಾಯ ಕೊಟ್ಟು ಖಾತೆ ತೆರೆದು ಡೆವಲಪರ್ ಆಗುವುದು ಮಾತ್ರ ಬೇಡ.

ಇತರ ಜಾಲಗಳಲ್ಲಿ ಅರ್ಜಿಯ ರೂಪ ಬೇರೆಯಾದರೂ ತಿರುಳು ಇದೇ. ಟೆಲಿಗ್ರಾಮಿನಲ್ಲಿ 'ಬಾಟ್‌ಫಾದರ್' ಎಂಬ ಖಾತೆಗೆ ಸಂದೇಶ ಕಳುಹಿಸಿ, ಕೊನೆಯಲ್ಲಿ 'ಬಾಟ್' ಎಂದು ಬರುವ ಬಳಕೆಯ ಹೆಸರನ್ನು ಸೂಚಿಸಿದರೆ ಒಂದೇ ನಿಮಿಷದಲ್ಲಿ ಟೋಕನ್ ಸಿಗುತ್ತದೆ. ಸುಲಭವೆಂದು ಹಗುರವಾಗಿ ಕಾಣಬಾರದು. ಆ ಟೋಕನ್ ಯಾರ ಕೈಯಲ್ಲಿದೆಯೋ ಅವರೇ ಆ ಬಾಟಿನ ಯಜಮಾನರು. ಮ್ಯಾಸ್ಟೊಡಾನಿನಲ್ಲಿ ಹೆಸರು, ಹಿಂದಿರುಗುವ ವಿಳಾಸ, ಅನುಮತಿಗಳ ಪಟ್ಟಿ ಇಷ್ಟನ್ನು ಒಂದೇ ಪುಟದಲ್ಲಿ ತುಂಬಿದರೆ ಕೆಲಸವಾಯಿತು. ಓದುವುದು, ಬರೆಯುವುದು ಎಂದು ಅನುಮತಿಗಳು ಬೇರೆಬೇರೆಯಾಗಿ ಕಾಣುವುದರಿಂದ ಕಲಿಯುವವರಿಗೆ ಇದೇ ಹೆಚ್ಚು ಅನುಕೂಲವೆಂದು ನಮ್ಮ ಅಭಿಪ್ರಾಯ.

ನೋಂದಣಿ ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಮೆಟಾದ ವೇದಿಕೆಯು ಪಡೆದ ಅನುಮತಿಗಳನ್ನು ಹೇಗೆ ಬಳಸುತ್ತಿರುವಿರೆಂದು ವರ್ಷಕ್ಕೊಮ್ಮೆ ಕೇಳುತ್ತದೆ. ಅವಧಿಯೊಳಗೆ ಉತ್ತರಿಸದಿದ್ದರೆ ಆ್ಯಪು ಮಾಹಿತಿಯನ್ನು ಪಡೆಯುವ ಹಕ್ಕನ್ನು ಕಳೆದುಕೊಳ್ಳಬಹುದು. ವೇದಿಕೆಯ ಆವೃತ್ತಿಗಳೂ ಹಳತಾಗುತ್ತ ಹೋಗುತ್ತವೆ, ಆಗ ಪ್ರೋಗ್ರಾಮನ್ನು ತಿದ್ದಬೇಕು. ಈ ಸೂಚನೆಗಳೆಲ್ಲ ಬರುವುದು ಮೊದಲ ದಿನ ಕೊಟ್ಟ ಸಂಪರ್ಕದ ಇ-ಮೇಲಿಗೆ. ಆದ್ದರಿಂದ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಕಾರ್ಯದರ್ಶಿಯನ್ನೂ ಕೋಶಾಧಿಕಾರಿಯನ್ನೂ ಆರಿಸುವಾಗಲೇ ಆ ಇ-ಮೇಲನ್ನು ತೆರೆದು ಓದುವವರು ಯಾರೆಂದು ಗೊತ್ತುಮಾಡಿ, ನಡವಳಿ ಪುಸ್ತಕದಲ್ಲಿ ಅವರ ಹೆಸರನ್ನೂ, ಹಿಂದಿನ ವರ್ಷದ ಆಡಳಿತಗಾರರಲ್ಲಿ ಯಾರನ್ನು ಪಟ್ಟಿಯಿಂದ ತೆಗೆಯಲಾಯಿತೆಂಬುದನ್ನೂ ಬರೆದಿಡಬೇಕು.